ಗೋಲ್ ಕಂಬಗಳನ್ನೇ ಕಿತ್ತ ಸೀಸನ್

ಸ್ಕೋರ್ ಪಟ್ಟಿ ನೋಡಿದರೆ ಯಾರು ಗೆದ್ದರು ಅಂತ ಗೊತ್ತಾಗದ ಫೈನಲ್ ಒಂದಿದೆ. ಅದು 1967ರಲ್ಲಿ ಆಸ್ಟ್ರೇಲಿಯಾದ ದ್ವೀಪ ರಾಜ್ಯ ಟ್ಯಾಸ್ಮೇನಿಯಾದಲ್ಲಿ ನಡೆದ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಫೈನಲ್. ಆಡಿದ್ದು ವಿನ್ಯಾರ್ಡ್ ಮತ್ತು ನಾರ್ತ್ ಹೋಬಾರ್ಟ್.

ಆಗ ಆ ಪುಟ್ಟ ದ್ವೀಪದಲ್ಲೇ ಮೂರು ದೊಡ್ಡ ಲೀಗ್‌ಗಳಿದ್ದವು. ದಕ್ಷಿಣದಲ್ಲಿ ಹೋಬಾರ್ಟ್‌ದು, ಉತ್ತರದಲ್ಲಿ ಲಾನ್ಸೆಸ್ಟನ್‌ದು, ವಾಯವ್ಯ ಕರಾವಳಿಯಲ್ಲಿ ನಾರ್ತ್ ವೆಸ್ಟ್ ಫುಟ್‌ಬಾಲ್ ಯೂನಿಯನ್. ನನಗೆ ಇಷ್ಟ ಈ ಮೂರನೆಯದು. ಬರ್ನಿ, ಕೂಯೀ, ಡೆವನ್‌ಪೋರ್ಟ್, ಅಲ್ವರ್‌ಸ್ಟನ್, ಲಾಟ್ರೋಬ್, ಪೆಂಗ್ವಿನ್ (ಹೌದು, ಊರಿನ ಹೆಸರೇ ಅದು), ಎಲ್ಲ ಅಕ್ಕಪಕ್ಕದ ಊರುಗಳು. ಪಕ್ಕದೂರಿನವರ ಮೇಲಿನ ಜಿದ್ದು ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಇವರನ್ನೆಲ್ಲ ದಾಟಿ ಆ ವರ್ಷ ಯೂನಿಯನ್ ಗೆದ್ದದ್ದು ವಿನ್ಯಾರ್ಡ್. ರಾಜ್ಯದ ಫೈನಲ್‌ನಲ್ಲಿ ಎದುರಾದದ್ದು ರಾಜಧಾನಿ ಹೋಬಾರ್ಟ್‌ನ ತಂಡ, ನಾರ್ತ್ ಹೋಬಾರ್ಟ್. ಅದೇ ವರ್ಷ ಫೆಬ್ರವರಿಯಲ್ಲಿ ಹೋಬಾರ್ಟ್ ಸುತ್ತಮುತ್ತ ಭೀಕರ ಕಾಳ್ಗಿಚ್ಚು ಹಬ್ಬಿ 62 ಜನ ಸತ್ತಿದ್ದರು. ಅದಾಗಿ ಶುರುವಾದ ಸೀಸನ್‌ನಲ್ಲಿ ನಾರ್ತ್ ಹೋಬಾರ್ಟ್ ತನ್ನ ಲೀಗ್ ಗೆದ್ದಿತ್ತು.

ಪಂದ್ಯ ಬರ್ನಿಯ ವೆಸ್ಟ್ ಪಾರ್ಕ್‌ನಲ್ಲಿ, ಸಮುದ್ರದ ಪಕ್ಕದಲ್ಲೇ. ವಿನ್ಯಾರ್ಡ್‌ನವರಿಗೆ ಅದು ಹೆಚ್ಚುಕಡಿಮೆ ಮನೆಯಂಗಳ. ಹೋಬಾರ್ಟ್‌ನವರು ದ್ವೀಪದ ಇನ್ನೊಂದು ತುದಿಯಿಂದ ಬರಬೇಕು.

ಕೊನೆಯ ಕ್ಷಣದಲ್ಲಿ ವಿನ್ಯಾರ್ಡ್ ಒಂದೇ ಒಂದು ಪಾಯಿಂಟ್ ಮುಂದಿತ್ತು. ಆಗ ನಾರ್ತ್ ಹೋಬಾರ್ಟ್‌ನ ಡೇವಿಡ್ ಕಾಲಿನ್ಸ್ ಗೋಲಿಗೆ ನೇರ ಎದುರು ಚೆಂಡು ಹಿಡಿದರು, ಆಟ ಮುಗಿಯುವ ಸೈರನ್ ಕೂಗಿತು. ಈ ಆಟದಲ್ಲಿ ಸೈರನ್‌ಗೆ ಮೊದಲು ಮಾರ್ಕ್ (ಅಂದರೆ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ) ಹಿಡಿದಿದ್ದರೆ ಆಮೇಲೂ ಒದೆಯಬಹುದು. ನಾಲ್ಕು ಕಂಬಗಳಲ್ಲಿ ನಡುವಿನ ಎರಡು ಉದ್ದ ಕಂಬಗಳ ಮಧ್ಯೆ ಹೋದರೆ 6 ಪಾಯಿಂಟ್, ನಾರ್ತ್ ಹೋಬಾರ್ಟ್ ಚಾಂಪಿಯನ್. ಸ್ವಲ್ಪ ಪಕ್ಕಕ್ಕೆ ಸರಿದು ಸಣ್ಣ ಕಂಬದ ಒಳಗೆ ಹೋದರೆ 1 ಪಾಯಿಂಟ್, ಸಮ. ಅದೂ ತಪ್ಪಿದರೆ ಮಾತ್ರ ವಿನ್ಯಾರ್ಡ್‌ಗೆ ಕಪ್. ಅಂದರೆ ಕಾಲಿನ್ಸ್ ತೀರಾ ಕೆಟ್ಟದಾಗಿ ಒದೆಯಬೇಕಿತ್ತು, ಅಷ್ಟು ನೇರದಿಂದ!

ಒದೆಯುವ ಮೊದಲೇ ವಿನ್ಯಾರ್ಡ್ ಅಭಿಮಾನಿಗಳು ಮೈದಾನಕ್ಕೆ ನುಗ್ಗಿದರು. ನುಗ್ಗಿದ್ದಷ್ಟೇ ಅಲ್ಲ, ಗೋಲ್ ಕಂಬಗಳನ್ನೇ ಕಿತ್ತುಹಾಕಿದರು. ಇನ್ನು ಎಲ್ಲಿಗೆ ಅಂತ ಒದೆಯೋದು? ಕಾಲಿನ್ಸ್ ಚೆಂಡು ಬಿಡದೆ ಹಿಡಿದುಕೊಂಡೇ ಹೊರಗೆ ಬಂದರು. ಪಂದ್ಯಕ್ಕೆ ಫಲಿತಾಂಶವೇ ಇಲ್ಲ ಅಂತ ತೀರ್ಮಾನವಾಯಿತು, ಆ ವರ್ಷದ ಪ್ರಶಸ್ತಿ ಯಾರಿಗೂ ಸಿಗಲಿಲ್ಲ.

1996ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಗಲಾಟೆ ಮಾಡಿದ್ದು ಸೋಲುತ್ತಿದ್ದ ನಮ್ಮ ಕಡೆಯವರು, ಪಂದ್ಯವನ್ನು ಶ್ರೀಲಂಕಾಗೆ ಕೊಟ್ಟರು, ಕಥೆ ಮುಗಿಯಿತು. ಇಲ್ಲಿ ಗಲಾಟೆ ಮಾಡಿದ್ದು ಮುಂದಿದ್ದ ತಂಡದವರು. ತಮ್ಮ ಹುಡುಗರಿಗೆ ಉಳಿದಿದ್ದ ಚೂರು ಅವಕಾಶವನ್ನೂ ತಾವೇ ಹಾಳುಮಾಡಿದರು. ಈಗ ಎಲ್ಲರೂ ನಗುನಗುತ್ತಾ ಹೇಳುವ ಕಥೆ ಇದು, ಆದರೆ ನನಗೆ ಪಾಪ ಅನ್ನಿಸೋದು ವಿನ್ಯಾರ್ಡ್ ಆಟಗಾರರನ್ನು ನೆನೆದರೇ. ಕಾಲಿನ್ಸ್ ಹೆಸರಾದರೂ ಉಳಿಯಿತು. ಇವರು ಇಡೀ ಸೀಸನ್ ಚೆನ್ನಾಗಿ ಆಡಿ, ಸೈರನ್ ಕೂಗಿದಾಗ ಮುಂದಿದ್ದು, ಕೊನೆಗೆ ನೆನಪಿನಲ್ಲಿ ಉಳಿದಿದ್ದು ಮಾತ್ರ ಕಂಬ ಕಿತ್ತವರ ಊರಿನ ತಂಡವಾಗಿ.

ಆ ಯೂನಿಯನ್ 1986ರ ಸೀಸನ್‌ಗೇ ಮುಗಿಯಿತು. ಟ್ಯಾಸ್ಮೇನಿಯಾಕ್ಕೆ ಈಗ ಈ ಆಟದ ರಾಷ್ಟ್ರೀಯ ಲೀಗ್ ಎಎಫ್‌ಎಲ್‌ನಲ್ಲೇ ಜಾಗ ಸಿಕ್ಕಿದೆ, ಡೆವಿಲ್ಸ್ ತಂಡ 2028ಕ್ಕೆ ಕಣಕ್ಕಿಳಿಯುವ ಲೆಕ್ಕ. ನನ್ನನ್ನು ಕೇಳಿದರೆ, ಅವತ್ತು ಎರಡು ಕಂಬ ಹುಡುಕಿ ತಂದು ನೆಟ್ಟು, ಕತ್ತಲಾದರೂ ಸರಿ, ಕಾಲಿನ್ಸ್‌ಗೆ ಆ ಒಂದು ಒದೆತ ಒದೆಯಲು ಬಿಡಬೇಕಿತ್ತು. ಗೋಲ್ ಆಗುತ್ತಿತ್ತು ಅಂತಲೇ ನನ್ನ ಅನಿಸಿಕೆ. ವಿನ್ಯಾರ್ಡ್ ಕಡೆಯವರು ಬೇಕಾದರೆ ಜಗಳಕ್ಕೆ ಬನ್ನಿ.