ದಿನಾಂಕ ಮೊದಲು, ತಂತ್ರಜ್ಞಾನ ಆಮೇಲೆ: ಸೇನಾ ಉಪಗ್ರಹ ಖರೀದಿಯ ಹಳೆಯ ರೋಗ

ಸೇನಾ ಸಂಪರ್ಕ ಉಪಗ್ರಹಗಳನ್ನು ಬೆರಳೆಣಿಕೆಯಷ್ಟು ಸಂಖ್ಯೆಯಲ್ಲಿ, ಒಂದು ದಶಕಕ್ಕೋ ಅದಕ್ಕೂ ಹೆಚ್ಚಿನ ಅವಧಿಗೋ ಒಮ್ಮೆ ಖರೀದಿಸಲಾಗುತ್ತದೆ. ಮುಂದಿನ ಅವಕಾಶ ಅಷ್ಟು ದೂರವಿರುವುದರಿಂದ ಭೂಸೇನೆ, ನೌಕಾಪಡೆ, ವಾಯುಪಡೆ ಎಲ್ಲವೂ ತಮಗೆ ಬೇಕಾದ ಸಾಮರ್ಥ್ಯವನ್ನು ಈ ಸಲವೇ ಸೇರಿಸಬೇಕೆಂದು ಪಟ್ಟು ಹಿಡಿಯುತ್ತವೆ. ಪಟ್ಟಿ ಬೆಳೆದಷ್ಟೂ ಯೋಜನೆ ತಡವಾಗುತ್ತದೆ, ತಡವಾದಷ್ಟೂ ಪಟ್ಟಿ ಮತ್ತೆ ಬೆಳೆಯುತ್ತದೆ. ಕೊನೆಗೆ ಪ್ರಯೋಗಾಲಯದ ಮೇಜಿನಿಂದ ಇನ್ನೂ ಕೆಳಗಿಳಿಯದ ತಂತ್ರಜ್ಞಾನಕ್ಕೂ ಗುತ್ತಿಗೆಪತ್ರದಲ್ಲಿ ಉಡಾವಣೆಯ ವರ್ಷ ನಮೂದಾಗಿಬಿಡುತ್ತದೆ. ಅಮೆರಿಕದ ಯೋಜನೆಗಳ ಕಡತಗಳು ಬಹುಮಟ್ಟಿಗೆ ಸಾರ್ವಜನಿಕವಾಗಿರುವುದರಿಂದ ಈ ರೋಗವನ್ನು ಅಲ್ಲಿ ಸ್ಪಷ್ಟವಾಗಿ ನೋಡಬಹುದು.

ಇದು ಇತ್ತೀಚಿನದ್ದೇನಲ್ಲ. 1960ರಲ್ಲಿ ಆರಂಭವಾದ ಅಡ್ವೆಂಟ್ ಯೋಜನೆ ಭೂಸ್ಥಿರ ಕಕ್ಷೆಯಲ್ಲಿ ಸೇನಾ ಸಂಪರ್ಕ ಉಪಗ್ರಹ ನಿಲ್ಲಿಸಲು ಹೊರಟಿತ್ತು. ಉಪಗ್ರಹದ ತೂಕ ಏರುತ್ತಾ ಹೋಯಿತು, ಅದನ್ನು ಒಯ್ಯಬೇಕಿದ್ದ ಸೆಂಟಾರ್ ರಾಕೆಟ್ ಹಂತ ಸಿದ್ಧವಾಗಲಿಲ್ಲ, 1962ರಲ್ಲಿ ಯೋಜನೆ ರದ್ದಾಯಿತು. ಅದರ ಬದಲಿಗೆ ಬಂದದ್ದು ಸ್ವಂತ ಎಂಜಿನ್ ಕೂಡ ಇಲ್ಲದ, ಸುಮಾರು 45 ಕಿಲೋಗ್ರಾಂ ತೂಕದ ಸರಳ ಉಪಗ್ರಹಗಳು. 1966ರ ಜೂನ್‌ನಲ್ಲಿ ಒಂದೇ ಟೈಟಾನ್ ರಾಕೆಟ್ ಅಂಥ ಏಳನ್ನು ಹೊತ್ತೊಯ್ದಿತು. ಒಂದು ಕೆಟ್ಟರೆ ಉಳಿದವು ಇದ್ದೇ ಇದ್ದವು.

ನಾಲ್ಕು ದಶಕಗಳ ನಂತರ ಟಿಸ್ಯಾಟ್ ಎಂಬ ಸೇನಾ ಸಂಪರ್ಕ ಉಪಗ್ರಹ ಯೋಜನೆ ಬಂತು. ಉಪಗ್ರಹದಿಂದ ಉಪಗ್ರಹಕ್ಕೆ ಲೇಸರ್ ಕೊಂಡಿ, ಕಕ್ಷೆಯಲ್ಲೇ ಇಂಟರ್‌ನೆಟ್ ರೌಟರ್, ಚಲಿಸುವ ವಾಹನದಲ್ಲಿರುವ ಸೈನಿಕನಿಗೂ ವೇಗದ ಸಂಪರ್ಕ, ಇವೆಲ್ಲ ಅದರ ಭರವಸೆಗಳು. 2004ರಲ್ಲಿ ಯೋಜನೆ ಅಭಿವೃದ್ಧಿ ಹಂತಕ್ಕೆ ಕಾಲಿಟ್ಟಾಗ ಅದರ ಏಳು ನಿರ್ಣಾಯಕ ತಂತ್ರಜ್ಞಾನಗಳಲ್ಲಿ ಒಂದು ಮಾತ್ರ ಪಕ್ವವಾಗಿತ್ತೆಂದು ಅಮೆರಿಕ ಸಂಸತ್ತಿನ ಲೆಕ್ಕತಪಾಸಣಾ ಸಂಸ್ಥೆಯಾದ ಜಿಎಒ ಎಚ್ಚರಿಸಿತು. ಇಲ್ಲಿ ಪಕ್ವತೆಯೆಂದರೆ ಬರಿಯ ಅಭಿಪ್ರಾಯವಲ್ಲ. ನಾಸಾ ರೂಪಿಸಿದ ಒಂಬತ್ತು ಹಂತಗಳ ಅಳತೆಯೊಂದಿದೆ; ಅದರ ಆರನೆಯ ಹಂತದಲ್ಲಿ ಮಾದರಿಯು ನೈಜ ಸ್ಥಿತಿಯನ್ನು ಹೋಲುವ ಪರಿಸರದಲ್ಲಿ ಕೆಲಸ ಮಾಡಿ ತೋರಿಸಿರಬೇಕು, ಏಳನೆಯದರಲ್ಲಿ ನಿಜವಾದ ಕಾರ್ಯಪರಿಸರದಲ್ಲೇ ತೋರಿಸಿರಬೇಕು. ಟೀಕೆಗೆ ಮಣಿದು ಯೋಜನೆಯನ್ನು ಕಂತುಗಳಾಗಿ ಒಡೆಯಲಾಯಿತು, ಕಠಿಣವಾದ ಭಾಗಗಳನ್ನು ನಂತರದ ಉಪಗ್ರಹಗಳಿಗೆ ಮುಂದೂಡಲಾಯಿತು. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ಚಿಕಿತ್ಸೆಯೇ, ಆದರೆ ಅಷ್ಟರಲ್ಲಿ ಯೋಜನೆಯ ಮೇಲಿನ ನಂಬಿಕೆ ಸವೆದಿತ್ತು. 2009ರ ಏಪ್ರಿಲ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಟಿಸ್ಯಾಟ್ ನಿಲ್ಲಿಸಿ, ಬದಲಿಗೆ ಆಗಲೇ ತಯಾರಾಗುತ್ತಿದ್ದ ಸೇನಾ ಸಂಪರ್ಕ ಸರಣಿಯ ಇನ್ನೆರಡು ಎಇಎಚ್‌ಎಫ್ ಉಪಗ್ರಹಗಳನ್ನು ಕೊಳ್ಳುವುದಾಗಿ ಪ್ರಕಟಿಸಿದರು. ಎಇಎಚ್‌ಎಫ್ ತಯಾರಿಕೆಯ ಸಾಲು ಆಗ ಇನ್ನೂ ಮುಚ್ಚಿರಲಿಲ್ಲ ಎಂಬುದೇ ಆ ನಿರ್ಧಾರವನ್ನು ಸಾಧ್ಯವಾಗಿಸಿದ್ದು. ಹಿಂದಿನ ತಲೆಮಾರಿನ ಉಪಗ್ರಹವನ್ನು ಮತ್ತೊಮ್ಮೆ ಕೊಳ್ಳುವ ದಾರಿ ತೆರೆದಿಡಲು ಹಣ ಬೇಕು, ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದೂ ಆ ಹಣಕ್ಕೇ.

ಹಾಗೆಂದು ಪಕ್ವತೆಯ ಅಂಕವನ್ನೇ ನಂಬಿ ಕೂರುವುದೂ ಅಪಾಯ. 2010ರ ಆಗಸ್ಟ್‌ನಲ್ಲಿ ಹಾರಿದ ಮೊದಲ ಎಇಎಚ್‌ಎಫ್ ಉಪಗ್ರಹದಲ್ಲಿ ಕೈಕೊಟ್ಟದ್ದು ಕಕ್ಷೆ ಏರಿಸುವ ಮುಖ್ಯ ಎಂಜಿನ್, ಅಂದರೆ ಎಲ್ಲರೂ ಹಳೆಯದೆಂದು ಕಣ್ಣುಮುಚ್ಚಿ ಒಪ್ಪಿದ್ದ ಭಾಗ. ಅದನ್ನು ಉಳಿಸಿದ್ದು ಪುಟ್ಟ ಥ್ರಸ್ಟರ್‌ಗಳು, ಅದರಲ್ಲೂ ಆಗ ಹೊಸತೆನಿಸಿದ್ದ ವಿದ್ಯುತ್ ಥ್ರಸ್ಟರ್‌ಗಳು. ಹದಿನಾಲ್ಕು ತಿಂಗಳು ಮೆಲ್ಲಮೆಲ್ಲನೆ ತಳ್ಳಿ ಅವು ಉಪಗ್ರಹವನ್ನು ಗುರಿ ಮುಟ್ಟಿಸಿದವು. 1999ರ ಏಪ್ರಿಲ್‌ನಲ್ಲಿ ಒಂದು ಮಿಲ್‌ಸ್ಟಾರ್ ಸರಣಿಯ ಸೇನಾ ಸಂಪರ್ಕ ಉಪಗ್ರಹ ತಪ್ಪು ಕಕ್ಷೆ ಸೇರಿ ವ್ಯರ್ಥವಾದದ್ದಂತೂ ರಾಕೆಟ್‌ನ ಮೇಲಿನ ಹಂತದ ತಂತ್ರಾಂಶದಲ್ಲಿ ದಶಮಾಂಶ ಬಿಂದು ಒಂದು ಸ್ಥಾನ ಸರಿದಿದ್ದರಿಂದ. ಯಾವ ಪಕ್ವತಾ ಪರಿಶೀಲನೆಯೂ ಇಂಥದ್ದನ್ನು ಹಿಡಿಯುವುದಿಲ್ಲ. ಅದಕ್ಕೆ ಬೇಕಾದದ್ದು ಗುಣಮಟ್ಟದ ತಪಾಸಣೆ ಮತ್ತು ಹಾರಾಟಕ್ಕೆ ಬಳಸುವ ಅಂಕಿಗಳನ್ನೇ ಇಟ್ಟುಕೊಂಡು ನಡೆಸುವ ಪರೀಕ್ಷೆ. ಖರೀದಿದಾರ ಅವುಗಳಿಗೆ ಬೇರೆಯಾಗಿಯೇ ಸಮಯ, ಹಣ ತೆಗೆದಿಡಬೇಕು.

ಎಲ್ಲಕ್ಕಿಂತ ಕಡಿಮೆ ಗಮನ ಸಿಗುವುದು ನೆಲದ ಮೇಲಿನ ಸಾಧನಗಳಿಗೆ. ಅಮೆರಿಕ ನೌಕಾಪಡೆಯ ಮುಓಸ್ ಸರಣಿಯ ಮೊದಲ ಉಪಗ್ರಹ 2012ರ ಫೆಬ್ರವರಿಯಲ್ಲಿ ಹಾರಿತು. ಮೊಬೈಲ್ ಫೋನ್ ಜಾಲಗಳ ತಂತ್ರಜ್ಞಾನವನ್ನು ಬಾಹ್ಯಾಕಾಶಕ್ಕೆ ಒಯ್ದ ಅದರ ಹೊಸ ಪೇಲೋಡ್, ಅಂದರೆ ಉಪಗ್ರಹ ಹೊರುವ ಸಂಪರ್ಕ ಉಪಕರಣ, ಹಳೆಯದಕ್ಕಿಂತ ಬಹುಪಟ್ಟು ಸಮರ್ಥವಾಗಿತ್ತು. ಆದರೆ ಅದನ್ನು ಬಳಸಬಲ್ಲ ರೇಡಿಯೊಗಳು ಬೇರೊಂದು ಯೋಜನೆಯಡಿ, ಬೇರೊಂದು ಕಚೇರಿಯಲ್ಲಿ, ಬೇರೊಂದು ವೇಳಾಪಟ್ಟಿಯಲ್ಲಿ ತಯಾರಾಗುತ್ತಿದ್ದವು ಮತ್ತು ವರ್ಷಗಟ್ಟಲೆ ಹಿಂದೆ ಬಿದ್ದವು. ಉಪಗ್ರಹದ ಆಯುಸ್ಸು ಮಾತ್ರ ಯಾರಿಗೂ ಕಾಯದೆ ಕರಗುತ್ತಿತ್ತು. ಹಳೆಯ ರೇಡಿಯೊಗಳಿಗಾಗಿ ಹಳೆಯ ಬಗೆಯ ಒಂದು ಯುಎಚ್‌ಎಫ್ ಪೇಲೋಡನ್ನೂ ಜೊತೆಗೆ ಹೊರಿಸಿದ್ದರಿಂದ ಆ ಅವಧಿ ಪೂರ್ತಿ ಹಾಳಾಗಲಿಲ್ಲ.

ಇಂಥ ಒಂದು ಗುತ್ತಿಗೆಯ ಕರಡು ನನ್ನ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಆಂಟೆನಾ ಅಥವಾ ಪ್ರೊಸೆಸರ್ ಕುರಿತ ಅಧ್ಯಾಯವನ್ನಲ್ಲ. ಸೈನಿಕರು ಬಳಸುವ ಟರ್ಮಿನಲ್, ಭೂಕೇಂದ್ರ ಮತ್ತು ಉಪಗ್ರಹ ಮೂರರ ಪಕ್ವತೆಗೂ ಒಬ್ಬನೇ ಅಧಿಕಾರಿ ಹೊಣೆಯಾಗಿದ್ದಾನೆಯೇ, ಮೂರರಲ್ಲಿ ಒಂದು ಹಿಂದುಳಿದರೂ ಉಡಾವಣೆಯನ್ನು ತಡೆಹಿಡಿಯುವ ಅಧಿಕಾರ ಅವನಿಗಿದೆಯೇ ಎಂಬುದನ್ನು ಹುಡುಕುತ್ತೇನೆ. ಆ ಅಧಿಕಾರ ಇಲ್ಲದಿದ್ದರೆ ಉಳಿದ ಪುಟಗಳಲ್ಲಿರುವ ದಿನಾಂಕಗಳನ್ನು ಪೆನ್ಸಿಲ್ಲಿನಲ್ಲಿ ಬರೆದವೆಂದೇ ಓದುತ್ತೇನೆ.