ತಾಜ್‌ನ ಅಡುಗೆಮನೆ, ವಿ.ಟಿ.ಯ ಪ್ಲಾಟ್‌ಫಾರ್ಮ್

ಭಾನುವಾರ, 1 ಡಿಸೆಂಬರ್ 2019
ಡೊಂಬಿವಲಿ

2008ರ ನವೆಂಬರ್ 26ರ ಭಯೋತ್ಪಾದಕ ದಾಳಿಯಲ್ಲಿ ಇಲ್ಲಿನ ತಾಜ್ ಹೋಟೆಲಿನೊಳಗೆ ನಡೆದದ್ದನ್ನು ಹೇಳುವ ಸಿನಿಮಾ ‘ಹೋಟೆಲ್ ಮುಂಬಯಿ’ ಅಂತೂ ಶುಕ್ರವಾರ ಇಲ್ಲಿ ತೆರೆಕಂಡಿದೆ. ಹೊರದೇಶಗಳಲ್ಲಿ ಮಾರ್ಚ್‌ನಲ್ಲೇ ಬಂದಿತ್ತು. ನ್ಯೂಜಿಲೆಂಡಿನಲ್ಲಿ ಬಿಡುಗಡೆಯಾದ ಬೆನ್ನಿಗೇ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ ಹತ್ಯಾಕಾಂಡ ನಡೆದು, ಅಲ್ಲಿ ಪ್ರದರ್ಶನ ನಿಲ್ಲಿಸಿದ್ದರು. ನಮ್ಮೂರಿನ ಕಥೆ ನಮ್ಮೂರಿಗೆ ಬರುವಷ್ಟರಲ್ಲಿ ನವೆಂಬರ್ ಮುಗಿಯುತ್ತಾ ಬಂದಿತ್ತು. ಅದೂ 26/11 ನಡೆದು ಹನ್ನೊಂದು ವರ್ಷ ತುಂಬಿದ ವಾರದಲ್ಲೇ.

ನಿನ್ನೆ ನಾವು ಹಿಂದಿಯಲ್ಲಿ ನೋಡಿದೆವು. ನಾನು, ಅಕ್ಕ, ಭಾವ, ಪಕ್ಕದ ಮನೆಯ ಮರಾಠಿ ಕಾಕು. ವಾಪಸು ಬರುವಾಗ ಲೋಕಲ್‌ನಲ್ಲಿ ಶುರುವಾದ ಮಾತು ಇವತ್ತು ಮಧ್ಯಾಹ್ನದ ಊಟದವರೆಗೂ ನಿಂತಿಲ್ಲ.

ಭಾವನಿಗೆ ಚಿತ್ರ ಹಿಡಿಸಿತು. ಹಿಡಿಸದೆ ಏನು, ಇಡೀ ಆಯುಷ್ಯವನ್ನೇ ಹೋಟೆಲಿನಲ್ಲಿ ಕಳೆದವರು. ದೇವ್ ಪಟೇಲ್ ಮಾಡಿರುವ ಅರ್ಜುನ್ ಎಂಬ ಮಾಣಿಯ ಪಾತ್ರ ಕಲ್ಪನೆಯದು. ಅನುಪಮ್ ಖೇರ್ ಮಾಡಿರುವ ಹೇಮಂತ್ ಒಬೆರಾಯ್ ಮಾತ್ರ ನಿಜವಾಗಿ ತಾಜ್‌ನ ಅಡುಗೆಮನೆಯ ಮುಖ್ಯಸ್ಥರಾಗಿದ್ದವರು. ಅರ್ಜುನ್ ಬೂಟು ಕಳಕೊಂಡು ಕೆಲಸಕ್ಕೆ ಬಂದಾಗ ಒಬೆರಾಯ್ ಮೊದಲು ಮನೆಗೆ ಹೋಗು ಎನ್ನುತ್ತಾರೆ, ಆಮೇಲೆ ಕೊಟ್ಟ ಬೂಟು ಅಳತೆಗೆ ಸಣ್ಣದು. ಮುಂದೆ ಗುಂಡಿನ ಸದ್ದಿನ ನಡುವೆ ಅವನು ಅದೇ ಬಿಗಿ ಬೂಟಿನಲ್ಲಿ ಓಡಾಡುತ್ತಾನೆ. ಭಾವ ಎಲ್ಲಕ್ಕಿಂತ ಹೆಚ್ಚು ಮಾತಾಡಿದ್ದು ಈ ಬೂಟಿನ ಬಗ್ಗೆಯೇ. “ದಿನಗೂಲಿಯ ಭಯ ಗೊತ್ತಿದ್ದವ ಬರೆದ ಸೀನು ಇದು” ಎಂದರು.

ಹೋಗುವವರು ಹೋಗಬಹುದು, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ ಎಂದು ಒಬೆರಾಯ್ ತಮ್ಮ ಹುಡುಗರಿಗೆ ಹೇಳುವ ದೃಶ್ಯ ಬಂದಾಗ ಭಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು. ಆ ರಾತ್ರಿ ಅವರಿದ್ದದ್ದು ಫೋರ್ಟ್‌ನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ. ಶೆಟರ್ ಎಳೆದು, ದೀಪ ಆರಿಸಿ, ಒಳಗೆ ಉಳಿದ ಗಿರಾಕಿಗಳ ಜೊತೆ ನೆಲದ ಮೇಲೆ ಕೂತಿದ್ದರು. ಬೆಳಗಿನ ಇಡ್ಲಿಗೆ ರುಬ್ಬಿಟ್ಟ ಹಿಟ್ಟು ಉಕ್ಕಿ ಪಾತ್ರೆಯಿಂದ ನೆಲಕ್ಕೆ ಇಳಿಯುತ್ತಿದ್ದರೂ ಒಬ್ಬನೂ ಏಳಲಿಲ್ಲವಂತೆ. ಹೆದರಿ ಹಿಂಬಾಗಿಲಿನಿಂದ ಹೋದ ಇಬ್ಬರು ಹುಡುಗರನ್ನು ಮರುದಿನ ಧಣಿ ಬೈದರಂತೆ. “ಬೈಬಾರದಿತ್ತು. ಆ ಸಿನಿಮಾದವನಿಗೆ ಅಷ್ಟು ಗೊತ್ತಾಗಿದೆ” ಎಂದರು ಭಾವ.

ಕಾಕುವಿನ ಸಿಟ್ಟು ಬೇರೆ. ಅವರು ಮೂವತ್ತು ವರ್ಷ ವಿ.ಟಿ. ರೈಲು ನಿಲ್ದಾಣಕ್ಕೆ (ಈಗಿನ ಸಿ.ಎಸ್.ಎಂ.ಟಿ.) ಓಡಾಡಿ ನೌಕರಿ ಮಾಡಿದವರು. ಆ ದಾಳಿಯಲ್ಲಿ ಸತ್ತವರು ಒಟ್ಟು 166 ಮಂದಿ, ಅವರಲ್ಲಿ 58 ಜನ ಆ ಒಂದೇ ಸ್ಟೇಷನ್ನಿನಲ್ಲಿ. ದೂರದ ಊರಿನ ರೈಲಿಗೆ ಗಂಟುಮೂಟೆ ಇಟ್ಟುಕೊಂಡು ಕಾಯುತ್ತಿದ್ದವರು, ಹೆಚ್ಚಿನವರು ಬಡವರು. ಚಿತ್ರ ಶುರುವಿನಲ್ಲಿ ಸ್ವಲ್ಪ ಹೊತ್ತು ಅಲ್ಲಿ ನಿಂತು, ತಾಜ್‌ನ ಒಳಗೆ ಹೋಗಿಬಿಡುತ್ತದೆ. “ನಮ್ಮವರು ಸತ್ತದ್ದು ಟೈಟಲ್ ಕಾರ್ಡಿಗೆ ಸಾಕಾ?” ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅನೌನ್ಸ್‌ಮೆಂಟ್ ಕೋಣೆಯಲ್ಲಿದ್ದ ವಿಷ್ಣು ಝೇಂಡೆ ಮೈಕ್ ಬಿಡದೆ, ಯಾವ ಕಡೆಯಿಂದ ಹೊರಗೆ ಹೋಗಬೇಕೆಂದು ಕೂಗಿ ಕೂಗಿ ಹೇಳಿ ಎಷ್ಟೋ ಜನರನ್ನು ಉಳಿಸಿದರು. ಗಿರ್‌ಗಾಂವ್ ಚೌಪಾಟಿಯಲ್ಲಿ ಪೊಲೀಸ್ ತುಕಾರಾಮ್ ಒಂಬ್ಳೆ ದಾಳಿಕೋರ ಕಸಬ್‌ನ ಬಂದೂಕನ್ನು ಕೈಯಲ್ಲಿ ಹಿಡಿದು ಗುಂಡು ತಿಂದರು. ಅವನು ಜೀವಂತ ಸಿಕ್ಕಿದ್ದು ಅದರಿಂದಲೇ. ಇವರಿಬ್ಬರ ಕಥೆಯಲ್ಲಿ ರೋಚಕತೆಗೆ ಏನು ಕೊರತೆ? ಹೊರದೇಶದ ಪ್ರೇಕ್ಷಕನಿಗೆ ಹೊರದೇಶದ ಅತಿಥಿ ಬೇಕು, ಮಗು ಬೇಕು, ಆಯಾ ಬೇಕು. ಲೆಕ್ಕ ಅಷ್ಟೇ ಎಂದು ನನಗನ್ನಿಸುತ್ತದೆ.

ಬೆಳಿಗ್ಗೆ ಯಲಹಂಕದಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. ಅವಳೂ ಅಲ್ಲೇ ನೋಡಿದ್ದಾಳೆ. “ಚಿಕ್ಕಮ್ಮ, ಸಂದೀಪ್ ಉನ್ನಿಕೃಷ್ಣನ್ ಎಲ್ಲಿ?” ಮೊದಲ ಮಾತೇ ಅದು. ಅವಳ ಪ್ರಶ್ನೆ ನ್ಯಾಯವಾದದ್ದೇ. ಬೆಂಗಳೂರಿನಲ್ಲಿ ಬೆಳೆದ ಹುಡುಗ, ತಾಜ್‌ನ ಒಳಗೇ ಪ್ರಾಣ ಕೊಟ್ಟ ಎನ್‌ಎಸ್‌ಜಿ ಕಮಾಂಡೋ ಪಡೆಯ ಮೇಜರ್, ಅಶೋಕ ಚಕ್ರ. ಯಲಹಂಕದಲ್ಲಿ ಅವರ ಹೆಸರಿನ ರಸ್ತೆಯಲ್ಲಿ ದಿನಾ ಓಡಾಡುವವಳು ಇವಳು. ಕಮಾಂಡೋಗಳು ಚಿತ್ರದ ಕೊನೆಯಲ್ಲಿ ಬರುತ್ತಾರೆ, ಬೇಗ ಬೇಗ ಕೆಲಸ ಮುಗಿಸುತ್ತಾರೆ. 26ರ ರಾತ್ರಿಯಿಂದ 29ರ ಬೆಳಿಗ್ಗೆವರೆಗೆ ನಡೆದದ್ದು ಎರಡು ಗಂಟೆಗೆ ಇಳಿದಾಗ ಮೊದಲು ಕಾಣೆಯಾಗುವುದು ಆ ಕೊಠಡಿ ಕೊಠಡಿಯ ಹುಡುಕಾಟ. ದೆಹಲಿ ಹತ್ತಿರದ ತಮ್ಮ ನೆಲೆ ಮನೇಸರ್‌ನಿಂದ ಹೊರಟ ಕಮಾಂಡೋಗಳು ಮುಂಬಯಿ ಮುಟ್ಟುವಷ್ಟರಲ್ಲಿ ಬೆಳಗಾಗಿತ್ತು. ಆ ತಡಕ್ಕೆ ಸರ್ಕಾರವೇ ಉತ್ತರ ಕೊಡಬೇಕಿತ್ತು. ನೋಡುವವರ ಸಿಟ್ಟು ಮಾತ್ರ ಒಳಗೆ ನುಗ್ಗಿದ ಕಮಾಂಡೋ ಹುಡುಗರ ಮೇಲೆ ತಿರುಗುವಂತೆ ಚಿತ್ರ ಮಾಡಿದೆ. ಇದು ನನಗೆ ಸರಿಕಾಣಲಿಲ್ಲ.

ಇನ್ನೊಂದು ಜಗಳ ಇಮ್ರಾನ್ ಎಂಬ ದಾಳಿಕೋರ ಹುಡುಗನದು. ಅವನು ಮನೆಗೆ ಫೋನ್ ಮಾಡಿ, ದುಡ್ಡು ಬಂತೇ ಎಂದು ಅಪ್ಪನನ್ನು ಕೇಳಿ ಅಳುತ್ತಾನೆ. ಕೊಲೆಗಾರನ ಕಣ್ಣೀರು ಯಾಕೆ ತೋರಿಸಬೇಕು ಎಂದು ಅಕ್ಕ ಥಿಯೇಟರಿನಲ್ಲೇ ಗೊಣಗಿದಳು. ನನಗೆ ಆ ದೃಶ್ಯ ಬೇಕಿತ್ತು. ಅವನು ಅತ್ತದ್ದಕ್ಕೆ ಅವನ ಪಾಪ ಕಡಿಮೆಯಾಗುವುದಿಲ್ಲ. ಆದರೆ ಫೋನಿನ ಆ ಕಡೆ ಸುರಕ್ಷಿತವಾಗಿ ಕೂತು ‘ಬೆಂಕಿ ಹಚ್ಚು, ಕೊಲ್ಲು’ ಎಂದು ಮೆಲ್ಲಗೆ ಪುಸಲಾಯಿಸುವ ದನಿ ಎಂಥದ್ದು ಎಂದು ತಿಳಿಯುವುದು ಆಗಲೇ. ಆ ದನಿ ಕಲ್ಪನೆಯದಲ್ಲ. ಅಂಥ ಕರೆಗಳನ್ನು ನಮ್ಮ ಪೊಲೀಸರು ಆ ದಿನಗಳಲ್ಲೇ ಕದ್ದು ಕೇಳಿ ಧ್ವನಿಮುದ್ರಿಸಿದ್ದರು. ಅಲ್ಲಿ ಕೂತವರು ನಮ್ಮ ಟಿವಿ ಚಾನೆಲ್‌ಗಳ ನೇರಪ್ರಸಾರ ನೋಡುತ್ತಲೇ ಹೇಳಿಕೊಡುತ್ತಿದ್ದರು. 2012ರಲ್ಲಿ ಕಸಬ್‌ನ ಮೇಲ್ಮನವಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಚಾನೆಲ್‌ಗಳನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ಆ ಮೂರು ದಿನ ನಾವೂ ಟಿವಿ ಆರಿಸದೆ ಕೂತಿದ್ದೆವು. ಅವರೂ ಅದನ್ನೇ ನೋಡುತ್ತಿದ್ದರು ಎಂದು ನೆನೆದರೆ ಮೈ ಉರಿಯುತ್ತದೆ.

ಇಂಥ ದುರಂತವನ್ನು ಥ್ರಿಲ್ಲರ್ ಮಾಡಲೇಬಾರದು ಎನ್ನುವವರೂ ಇದ್ದಾರೆ. ದಾಳಿ ಮುಗಿದ ಬೆನ್ನಿಗೇ ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್ ತಾಜ್ ನೋಡಲು ಹೋದಾಗ ಸಿನಿಮಾ ನಿರ್ದೇಶಕ ರಾಮ್‌ಗೋಪಾಲ್ ವರ್ಮಾ ಜೊತೆಗಿದ್ದದ್ದಕ್ಕೆ ಊರಿಗೆ ಊರೇ ಸಿಡಿದೆದ್ದಿತ್ತು, ಕೆಲವೇ ದಿನಗಳಲ್ಲಿ ಅವರ ಕುರ್ಚಿಯೂ ಹೋಯಿತು. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ನಾನು ಮಾಡಲಿ ಎನ್ನುವವಳೇ. ನಿನ್ನೆ ನಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದ ಕಾಲೇಜು ಹುಡುಗರು 2008ರಲ್ಲಿ ಪ್ರೈಮರಿ ಶಾಲೆಯಲ್ಲಿದ್ದಿರಬೇಕು. ಮೊಬೈಲ್ ಬದಿಗಿಟ್ಟು ಉಸಿರು ಬಿಗಿಹಿಡಿದು ನೋಡಿದರು. ಯಾರು ಉಳಿಯುತ್ತಾರೆ ಎಂಬ ಕುತೂಹಲ ಇಲ್ಲದಿದ್ದರೆ ಅವರು ಅಷ್ಟು ಹೊತ್ತು ಕೂರುತ್ತಿರಲಿಲ್ಲ.

ಯಾರಾದರೂ ಝೇಂಡೆಯವರ ಕೋಣೆಯಿಂದ ವಿ.ಟಿ.ಯ ಆ ರಾತ್ರಿಯನ್ನು ತೋರಿಸಲಿ. ಗಾಜಿನಾಚೆ ಪ್ಲಾಟ್‌ಫಾರ್ಮ್, ಕೈಯಲ್ಲಿ ಒಂದು ಮೈಕ್, ಬೇರೇನೂ ಬೇಡ. ಆ ಚಿತ್ರ ಬಂದರೆ ತಾನು ನೋಡಲಾರೆ ಎಂದರು ಭಾವ. ಕಾಕು ಮೊದಲ ಆಟಕ್ಕೇ ಹೋಗುತ್ತಾರಂತೆ, ನಾನೂ ಬರುತ್ತೇನೆ ಎಂದಿದ್ದೇನೆ.