ರಶೀದಿ ಪುಸ್ತಕ ವಾಪಸ್ ಬರ್ಲಿಲ್ಲ, ಈಗ ಅಧ್ಯಕ್ಷರನ್ನ ಇಳಿಸ್ಲಿಕ್ಕೆ ಆಗ್ತದಾ?

ಮೊನ್ನೆ ಆದಿತ್ಯವಾರ ನಮ್ಮ ಭಜನಾ ಮಂದಿರದ ಕಮಿಟಿ ಮೀಟಿಂಗ್ ಇತ್ತು. ಕಾಸರಗೋಡಿನ ಕುಂಬಳೆ ಬದಿಯಡ್ಕ ರೋಡಿನಿಂದ ಸ್ವಲ್ಪ ಒಳಗೆ ಅಂತ ಇಟ್ಕೊಳ್ಳಿ, ಊರಿನ ಹೆಸರು ಬೇಡ. ಚಾ, ಅವಲಕ್ಕಿ ಎಲ್ಲ ಆಗಿ ಇನ್ನು ಎದ್ದು ಹೋಗುವುದು ಅನ್ನುವಾಗ ಒಬ್ಬ ಹುಡುಗ ಎದ್ದು ನಿಂತು, ಈಗಿನ ಅಧ್ಯಕ್ಷರು ಹನ್ನೆರಡು ವರ್ಷ ಹಿಂದೆ ಬೇರೆ ಒಂದು ಕಲಾ ಸಂಘದಲ್ಲಿ ಖಜಾಂಚಿ ಆಗಿದ್ದಾಗ ಬಯಲಾಟದ ಎರಡು ರಶೀದಿ ಪುಸ್ತಕ ವಾಪಸ್ ಕೊಡ್ಲೇ ಇಲ್ಲ, ಲೆಕ್ಕವೂ ಇಲ್ಲ, ಇಂಥವರು ಇಲ್ಲಿ ಅಧ್ಯಕ್ಷರಾಗಿ ಇರ್ಬಹುದಾ ಅಂತ ಕೇಳಿಬಿಟ್ಟ. ಒಂದು ನಿಮಿಷ ಫ್ಯಾನಿನ ಶಬ್ದ ಬಿಟ್ರೆ ಬೇರೆ ಎಂತದ್ದೂ ಇಲ್ಲ.

ಆಗ ನಮ್ಮ ರಿಟೈರ್ಡ್ ಮಾಷ್ಟ್ರು ಕನ್ನಡಕ ತೆಗೆದು ಹೇಳಿದ್ರು, "ಆ ಕಾಲಕ್ಕೆ ಇವರು ನಮ್ಮ ಅಧ್ಯಕ್ಷರಲ್ಲ. ಆ ಲೆಕ್ಕ ಕೇಳ್ಲಿಕ್ಕೆ ಈ ಸಭೆಗೆ ಅಧಿಕಾರ ಇಲ್ಲ ಮಾರಾಯ."

ನನಗೆ ಅದು ಸರಿ ಅಂತಲೂ ಕಂಡಿತು, ತಪ್ಪು ಅಂತಲೂ ಕಂಡಿತು. ಮನೆಗೆ ಬಂದು ರಾತ್ರಿ ಹನ್ನೆರಡರವರೆಗೆ ಓದಿದೆ. ಮಾಷ್ಟ್ರ ಮಾತನ್ನ ಅಮೆರಿಕಾದವರು 1873ರಲ್ಲೇ ಆಡಿದ್ದಾರೆ! ಸ್ಕೈಲರ್ ಕೋಲ್ಫ್ಯಾಕ್ಸ್ ಅಂತ ಉಪಾಧ್ಯಕ್ಷ, ರೈಲ್ವೆ ಕಾಮಗಾರಿಯ ಕಂಪನಿ ಶೇರಿನ ಹಗರಣದಲ್ಲಿ ಹೆಸರು ಬಂತು, ಆದ್ರೆ ಅದು ಅವರು ಸ್ಪೀಕರ್ ಆಗಿದ್ದಾಗಿನ ವಿಷಯ, ಉಪಾಧ್ಯಕ್ಷ ಆಗುವ ಮೊದಲಿನದ್ದು, ಹಾಗಾಗಿ ಇಂಪೀಚ್ (ಸಂಸತ್ತಿನಲ್ಲೇ ಆರೋಪ ಹೊರಿಸಿ, ವಿಚಾರಿಸಿ ಹುದ್ದೆಯಿಂದ ಇಳಿಸುವುದು) ಬೇಡ ಅಂತ ಅಲ್ಲಿನ ಸಂಸತ್ತಿನ ಸಮಿತಿ ಬಿಟ್ಟಿತು. ಅವಧಿ ಮುಗೀಲಿಕ್ಕೆ ಹೇಗೂ ಕೆಲವೇ ದಿನ ಇತ್ತು, ಅದೂ ಒಂದು ಅನುಕೂಲ ಆಯ್ತು ಅನ್ನಿ.

ಅಂದ ಹಾಗೆ ಈ ಇಂಪೀಚ್‌ಮೆಂಟಿಗೆ ನಮ್ಮ ಪೇಪರಿನವರು ವಾಗ್ದಂಡನೆ ಅಂತ ಬರೀತಾರೆ, ಕೇಳಿದ್ರೆ ಅಜ್ಜಿ ಬೈದ ಹಾಗೆ ಅನಿಸ್ತದೆ. ಮಹಾಭಿಯೋಗ ಅಂದ್ರೆ ಯಾವುದೋ ಯಾಗ, ಊಟಕ್ಕೆ ಕರೀತಾರೆ ಅನ್ನುವ ಹಾಗೆ. ನಾನು ಇಂಪೀಚ್ ಅಂತಲೇ ಬರೀತೇನೆ.

ಅದೇ ಅಮೆರಿಕಾದಲ್ಲಿ 2010ರಲ್ಲಿ ಬೇರೆ ಥರ ಆಯ್ತು. ಥಾಮಸ್ ಪೋರ್ಟಿಯಸ್ ಅಂತ ಲೂಸಿಯಾನಾದ ಒಬ್ಬ ಫೆಡರಲ್ ಜಡ್ಜ್. ಅವರ ಮೇಲಿನ ನಾಲ್ಕು ಆರೋಪದಲ್ಲಿ ಒಂದರೊಳಗೆ ಅವರು ರಾಜ್ಯದ ಕೋರ್ಟಿನಲ್ಲಿ ಇದ್ದಾಗಿನ, ಅಂದ್ರೆ ಈ ಹುದ್ದೆಗಿಂತ ಮುಂಚಿನ ವ್ಯವಹಾರ ಇತ್ತು. ಇನ್ನೊಂದು ಆರೋಪ, ಹುದ್ದೆಗೆ ಹೆಸರು ಬಂದಾಗ ವಿಚಾರಣೆಯಲ್ಲಿ ಹಳೆಯದನ್ನ ಮುಚ್ಚಿಟ್ಟು ಸುಳ್ಳು ಹೇಳಿದ್ದು. ಸೆನೆಟ್ ನಾಲ್ಕರಲ್ಲೂ ತಪ್ಪಿತಸ್ಥ ಅಂತ ಇಳಿಸಿಬಿಟ್ಟಿತು. ವೋಟು ನೋಡಿ, ಹಳೆ ವ್ಯವಹಾರ ಸೇರಿದ್ದ ಆರೋಪಕ್ಕೆ 69-27, ಸುಳ್ಳು ಹೇಳಿದ್ದಕ್ಕೆ 90-6. ಒಬ್ಬೊಬ್ಬ ಸೆನೆಟರಿಗೆ ಒಂದೊಂದು ಕಾರಣ ಇರ್ಬಹುದು, ಆದ್ರೂ ನನಗೆ ಆ ಎರಡು ಲೆಕ್ಕ ಬದಿಬದಿಗೆ ನೋಡಿದಾಗ ಏನೋ ಹೊಳೆದ ಹಾಗಾಯ್ತು.

ನಮ್ಮ ದೇಶದ್ದು ಇನ್ನೂ ಹತ್ತಿರದ ಕಥೆ. ಸೌಮಿತ್ರ ಸೇನ್, ಕಲ್ಕತ್ತಾ ಹೈಕೋರ್ಟ್ ಜಡ್ಜ್. ಅವರು ವಕೀಲರಾಗಿದ್ದಾಗ ಒಂದು ಕೇಸಿನಲ್ಲಿ ಕೋರ್ಟೇ ಅವರನ್ನ ರಿಸೀವರ್ ಅಂತ ನೇಮಿಸಿತ್ತು, ಅಂದ್ರೆ ಸಾಮಾನು ಮಾರಿ ಬಂದ ದುಡ್ಡು ಜೋಪಾನ ಮಾಡುವ ಕೆಲಸ. 33 ಲಕ್ಷ ಚಿಲ್ಲರೆ ದುಡ್ಡು, ಅದರ ಲೆಕ್ಕ ಕೊಡ್ಲಿಲ್ಲ. 2003ರಲ್ಲಿ ಜಡ್ಜ್ ಆದ್ರು, ಆಗಲೂ ಕೊಡ್ಲಿಲ್ಲ, 2006ರಲ್ಲಿ ಹೈಕೋರ್ಟ್ ಆದೇಶ ಮಾಡಿದ ಮೇಲೆ ಬಡ್ಡಿ ಸೇರಿಸಿ ಕಟ್ಟಿದ್ರು. ನಮ್ಮ ಕೇರಳದವರೇ ಆದ ಕೆ.ಜಿ. ಬಾಲಕೃಷ್ಣನ್ ಮುಖ್ಯ ನ್ಯಾಯಮೂರ್ತಿ ಆಗಿದ್ದಾಗ, ಇವರನ್ನ ತೆಗೀಬೇಕು ಅಂತ 2008ರಲ್ಲಿ ಪ್ರಧಾನಿಗೆ ಪತ್ರ ಬರೆದ್ರು. 2011ರ ಆಗಸ್ಟ್ 18ಕ್ಕೆ ಇವರನ್ನ ತೆಗೆಯುವ ನಿರ್ಣಯ ರಾಜ್ಯಸಭೆಯಲ್ಲಿ ಪಾಸಾಯ್ತು. ಲೋಕಸಭೆಗೆ ಬರುವ ಮೊದಲೇ ರಾಜೀನಾಮೆ, ಅಲ್ಲಿಗೆ ಮುಗೀತು.

ವಕೀಲರಾಗಿದ್ದಾಗ ಮಾಡಿದ್ದಕ್ಕೆ ಜಡ್ಜ್ ಹುದ್ದೆಯಿಂದ ಇಳಿಸಬಹುದಾ ಅಂದ್ರೆ ರಾಜ್ಯಸಭೆ ಆಗ್ತದೆ ಅಂದ ಹಾಗೆ ಆಯ್ತು ಅಲ್ವಾ. ಸಂವಿಧಾನದ 124ನೇ ವಿಧಿಯಲ್ಲಿ 'ಸಾಬೀತಾದ ದುರ್ವರ್ತನೆ ಅಥವಾ ಅಸಮರ್ಥತೆ' ಅಂತ ಮಾತ್ರ ಉಂಟು, ಯಾವಾಗಿನ ದುರ್ವರ್ತನೆ ಅಂತ ಇಲ್ಲ. ರಾಷ್ಟ್ರಪತಿಗಾದ್ರೆ 61ನೇ ವಿಧಿ, ಅಲ್ಲಿ 'ಸಂವಿಧಾನದ ಉಲ್ಲಂಘನೆ' ಒಂದೇ ಕಾರಣ, ಹಾಗಾಗಿ ಹಳೆ ರಶೀದಿ ಪುಸ್ತಕ ಅಲ್ಲಿ ನಡೆಯುವುದು ಕಷ್ಟ ಅಂತ ನನ್ನ ಅನಿಸಿಕೆ.

1993ರಲ್ಲಿ ವಿ. ರಾಮಸ್ವಾಮಿ ಕೇಸು ಲೋಕಸಭೆಗೆ ಬಂತು. ಸುಪ್ರೀಂ ಕೋರ್ಟ್ ಜಡ್ಜ್, ಆದ್ರೆ ಆರೋಪ ಎಲ್ಲ ಅದಕ್ಕಿಂತ ಮೊದಲು ಪಂಜಾಬ್ ಹರಿಯಾಣ ಹೈಕೋರ್ಟಿನ ಮುಖ್ಯಸ್ಥರಾಗಿದ್ದಾಗ ಸರ್ಕಾರಿ ಮನೆಗೆ ಮಾಡಿದ ಖರ್ಚಿನ ಬಗ್ಗೆ. ಪರವಾಗಿ 196 ವೋಟು, ಕಾಂಗ್ರೆಸ್ಸಿನವರು ವೋಟು ಹಾಕದೆ ಕೂತಲ್ಲೇ ಕೂತ್ರು, ಬಿದ್ದುಹೋಯ್ತು. ಹಳೆ ಹುದ್ದೆ ಹೊಸ ಹುದ್ದೆ ಅನ್ನುವ ತರ್ಕಕ್ಕಿಂತ ಯಾರ ಹತ್ತಿರ ಎಷ್ಟು ತಲೆ ಉಂಟು ಅನ್ನುವುದೇ ದೊಡ್ಡದು ಕಡೆಗೆ.

ಇಂಪೀಚ್ ಅಲ್ಲದಿದ್ರೂ ನಮಗೆಲ್ಲ ಗೊತ್ತಿರುವ ಪಾಮೋಲಿನ್ ಕೇಸು ಉಂಟಲ್ಲ, ಕೇರಳ ಸರ್ಕಾರ ಜಾಸ್ತಿ ದರಕ್ಕೆ ತಾಳೆ ಎಣ್ಣೆ ತರಿಸಿತು ಅನ್ನುವ ಆರೋಪದ್ದು, ಮಲಯಾಳ ಚಾನೆಲ್‌ನವರು ಎಷ್ಟು ವರ್ಷ ಅದನ್ನೇ ಕುಟ್ಟಿದ್ರೋ. ಆಗ ಕೇರಳದಲ್ಲಿ ಆಹಾರ ಕಾರ್ಯದರ್ಶಿ ಆಗಿದ್ದ, ಆ ಕೇಸಿನಲ್ಲಿ ಆರೋಪಿಯೂ ಆಗಿದ್ದ ಪಿ.ಜೆ. ಥಾಮಸ್ ಅವರನ್ನ 2010ರಲ್ಲಿ ಸರ್ಕಾರಿ ಭ್ರಷ್ಟಾಚಾರದ ಮೇಲೆ ಕಣ್ಣಿಡುವ ಕೇಂದ್ರ ಜಾಗೃತ ಆಯುಕ್ತರಾಗಿ ಮಾಡಿದ್ರು, ಆರಿಸುವ ಸಮಿತಿಯಲ್ಲಿ ಸುಷ್ಮಾ ಸ್ವರಾಜ್ ಬೇಡ ಅಂದ್ರೂ ಕೇಳ್ಲಿಲ್ಲ. 2011ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಆ ನೇಮಕವನ್ನೇ ರದ್ದು ಮಾಡಿತು. ಥಾಮಸ್ ತಪ್ಪು ಮಾಡಿದ್ದಾರಾ ಇಲ್ವಾ ಅನ್ನುವುದಕ್ಕೆ ಕೋರ್ಟ್ ಹೋಗ್ಲಿಲ್ಲ, ಆರಿಸಿದವರು ನೋಡಬೇಕಾದ್ದನ್ನ ನೋಡ್ಲಿಲ್ಲ ಅಂತ ಹೇಳಿತು.

ಇದನ್ನ ಓದಿದ ಮೇಲೆ ನನ್ನ ನಿದ್ದೆ ಹೋಯ್ತು, ಯಾಕೆ ಹೇಳ್ತೇನೆ.

ಪಂಚಾಯತಿನಲ್ಲಾದ್ರೆ ಅವಿಶ್ವಾಸ ತರ್ಬಹುದು, ಸದಸ್ಯರ ತಲೆ ಎಣಿಸಿದ್ರೆ ಆಯ್ತು, ಹಳತೋ ಹೊಸತೋ ಪ್ರಶ್ನೆಯೇ ಬರುವುದಿಲ್ಲ. ಆದ್ರೆ ಕಾರಣ ಕೊಟ್ಟು ಇಳಿಸುವುದಾದ್ರೆ ಎರಡು ವಿಷಯ ನೋಡಬೇಕು ಅಂತ ನನಗೆ ಕಾಣ್ತದೆ, ಹುದ್ದೆ ಕೊಡುವಾಗ ಆ ವಿಷಯ ಮುಚ್ಚಿಟ್ಟಿದ್ರಾ, ಮತ್ತೆ ಆ ಬಾಕಿ ಇವತ್ತಿಗೂ ಬಾಕಿಯೇ ಉಂಟಾ. ಸೇನ್ ದುಡ್ಡು ಜಡ್ಜ್ ಆದ ಮೇಲೂ ಬಾಕಿಯೇ ಇತ್ತಲ್ಲ, ಕುರ್ಚಿ ಬದಲಾದ್ರೆ ಬಾಕಿ ಜಮಾ ಆಗುವುದಿಲ್ಲ. ಮಾಷ್ಟ್ರಿಗೆ ಇದು ಹೇಳಬೇಕು.

ಆದ್ರೆ ಮುಚ್ಚಿಟ್ಟ ವಿಷಯಕ್ಕೆ ಬಂದ್ರೆ ನನ್ನ ಬಾಯಿ ಕಟ್ತದೆ. ಆ ಬಯಲಾಟಕ್ಕೆ ನಾನೇ ನೂರೈವತ್ತು ರೂಪಾಯಿ ಕೊಟ್ಟು ರಶೀದಿ ತಗೊಂಡವ, ಪುಸ್ತಕ ಬರ್ಲಿಲ್ಲ ಅಂತ ಊರಿಗೆಲ್ಲ ಗೊತ್ತಿತ್ತು, ನನಗೂ. ಹೋದ ವರ್ಷ ಇವರ ಹೆಸರು ಸೂಚಿಸಿದಾಗ ಅನುಮೋದನೆ ಯಾರದ್ದು ಅಂತ ಕೇಳಿದಾಗ ಕೈ ಎತ್ತಿದ್ದು ನಾನು. ಊಟಕ್ಕೆ ಲೇಟಾಗಿತ್ತು, ಬೇರೆ ಯಾರೂ ಒಪ್ಪುತ್ತಿರ್ಲಿಲ್ಲ, ಒಳ್ಳೆ ಭಜನೆ ಹಾಡ್ತಾರೆ ಬೇರೆ.

ಮರುದಿನ ಪೇಟೆಯಲ್ಲಿ ಅಡಿಕೆ ಅಂಗಡಿ ಹತ್ತಿರ ಅಧ್ಯಕ್ಷರೇ ಸಿಕ್ಕಿದ್ರು. ನಾನು ಎಂತ ಮಾತಾಡುವುದು ಅಂತ ನೋಡ್ತಿರುವಾಗ ಅವರೇ, "ಆವತ್ತು ನೀವು ಯಾರಾದ್ರೂ ಕೇಳಿದ್ರಾ ನನ್ನತ್ರ? ಕೇಳಿದ್ರೆ ಹೇಳ್ತಿದ್ದೆ" ಅಂದ್ರು. ಈಗ ಕೇಳ್ತೇನೆ ಅಂದೆ. ಒಂದು ಪುಸ್ತಕ ಅಟ್ಟದಲ್ಲಿ ಉಂಟಂತೆ, ಗೆದ್ದಲು ಹಿಡಿದದ್ದು. ಇನ್ನೊಂದರ ಬಗ್ಗೆ ಎಂತ ಹೇಳ್ಲಿಲ್ಲ, ಬಸ್ ಬಂತು, ಹತ್ತಿದ್ರು.

ಮುಂದಿನ ಮೀಟಿಂಗ್ ಸಂಕ್ರಾಂತಿ ದಿನ. ಆ ಪುಸ್ತಕ ತರ್ಲಿಕ್ಕೆ ಹೇಳಿದ್ದೇನೆ, ನನ್ನ ಹಳೆ ರಶೀದಿಯೂ ಹುಡುಕ್ತಾ ಇದ್ದೇನೆ, ನಂಬರ್ ಯಾವ ಪುಸ್ತಕದ್ದು ಅಂತ ನೋಡ್ಬೇಕು.